ಮೂರು ಬಗೆಯ ಗೇರು, ಮೇಷ್ಟ್ರ ಮಂಡಿ

ನಮ್ಮ ಡ್ರೈವಿಂಗ್ ಸ್ಕೂಲ್‌ಗಳ ಸಂಘವನ್ನು ಒಂಬತ್ತು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಿವೃತ್ತ ಇನ್‌ಸ್ಪೆಕ್ಟರ್ ಅವರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ನಮ್ಮ ಮಾವನವರೇ, ಯಾರಿಗಾಗಿ ನಾವೆಲ್ಲ ಇವತ್ತು ಸೇರಿದ್ದೇವೋ ಆ ಮೇಷ್ಟ್ರೇ, ಮತ್ತು ಹೊರಗೆ ಕಾರು ನಿಲ್ಲಿಸಲು ಜಾಗ ಸಿಗದೆ ಮೂರು ಮೂರು ಸುತ್ತು ಹೊಡೆದು ಬಂದಿರುವ ಸಭಿಕರೇ. ಕಾರು ನಿಲ್ಲಿಸುವುದನ್ನು ಊರಿಗೆಲ್ಲ ಕಲಿಸುವವರು ನೀವೇ ಎಂಬುದನ್ನು ಈ ಹೊತ್ತಿಗೆ ಮರೆತು ನಿಮ್ಮೆಲ್ಲರನ್ನೂ ಸ್ವಾಗತಿಸುತ್ತೇನೆ.

ನನಗೆ ಎರಡು ಕೆಲಸ ಒಪ್ಪಿಸಿದ್ದಾರೆ. ಇದು ಸಂಘದ ವಾರ್ಷಿಕ ಸಭೆಯಾದ್ದರಿಂದ ಕ್ಲಚ್ ಗಾಡಿ, ಆಟೊಮ್ಯಾಟಿಕ್ ಗಾಡಿ, ಇವೆರಡರ ನಡುವೆ ಬಂದು ಕೂತಿರುವ ಎಎಂಟಿ ಗಾಡಿ, ಈ ಮೂರರಲ್ಲಿ ಕಲಿಸುವವರು ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಹತ್ತು ನಿಮಿಷ ಹೇಳಬೇಕು. ಆಮೇಲೆ, ನಮ್ಮ ಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕಲಿಸಿ ನಿವೃತ್ತರಾಗುತ್ತಿರುವ ಮೇಷ್ಟ್ರಿಗೆ ಬೀಳ್ಕೊಡುಗೆಯ ಎರಡು ಮಾತು ಆಡಿ, ಚೌಕಟ್ಟು ಹಾಕಿಸಿರುವ ಈ ಬಿನ್ನವತ್ತಳೆಯನ್ನು ಅವರ ಕೈಗೆ ಕೊಡಬೇಕು. ಎರಡೂ ಕೆಲಸಕ್ಕೆ ಒಂದೇ ಭಾಷಣ ಸಾಕು ಎಂದು ಸಮಿತಿಯವರು ತೀರ್ಮಾನಿಸಿದ್ದಾರೆ. ಸಂಜೆ ಏಳಕ್ಕೆ ಸಭಾಂಗಣ ಬಿಟ್ಟುಕೊಡಬೇಕಂತೆ.

ಬಿನ್ನವತ್ತಳೆಯನ್ನು ಬರೆದವಳು ನಾನೇ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕನ್ನಡ ನನಗೆ ಎರಡನೆಯ ಭಾಷೆಯ ಪೀರಿಯಡ್ಡು. ಆದರೂ ನಾಲ್ಕು ಸಲ ಬರೆದು ಹರಿದು ಐದನೆಯ ಸಲ ಗೆದ್ದೆ. "ಮಂಡಿನೋವಿನ ಕಾರಣ ಸ್ವೇಚ್ಛೆಯಿಂದ ನಿವೃತ್ತರಾಗುತ್ತಿರುವ" ಎಂದು ಬರೆದಿದ್ದೆ. ಅಚ್ಚಿನ ಮನೆಯವರು ಅದನ್ನು "ಸ್ವಇಚ್ಛೆಯಿಂದ" ಎಂದು ಬಿಡಿಸಿ ಬರೆದರು. "ಸೇರಿಸಿದ್ರೆ ಅರ್ಥ ಕೆಟ್ಟುಹೋಗುತ್ತೆ ಮೇಡಂ. ಸ್ವೇಚ್ಛೆ ಅಂದ್ರೆ ಯಾರನ್ನೂ ಕೇಳದೆ ಮನಸ್ಸಿಗೆ ಬಂದಂಗೆ ಮಾಡೋದು" ಎಂದರು. ಎಷ್ಟು ಸೂಕ್ಷ್ಮವಾದ ಭಾಷೆ ನಮ್ಮದು!

ಇರಲಿ, ಮೊದಲು ಕ್ಲಚ್ ಗಾಡಿ. ಕಾಲಿನ ಕೆಳಗೆ ಮೂರು ಪೆಡಲ್, ಎಡಗೈಗೆ ಗೇರಿನ ಕೋಲು. ಇಂಜಿನ್ ತಿರುಗುತ್ತಲೇ ಇರುತ್ತದೆ, ಚಕ್ರ ನಿಂತಿರುತ್ತದೆ. ತಿರುಗುತ್ತಿರುವುದಕ್ಕೂ ನಿಂತಿರುವುದಕ್ಕೂ ಮೆಲ್ಲಗೆ ಪರಿಚಯ ಮಾಡಿಸುವುದು ಕ್ಲಚ್ಚಿನ ಕೆಲಸ. ಎಡಗಾಲನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಬಂದರೆ ಒಂದು ಜಾಗದಲ್ಲಿ ಇಂಜಿನ್ನಿನ ದನಿ ದಪ್ಪಗಾಗುತ್ತದೆ, ಗಾಡಿಯ ಮೂತಿ ಕೂದಲೆಳೆಯಷ್ಟು ಮೇಲೇಳುತ್ತದೆ, ತೊಡೆಯಲ್ಲಿ ಸಣ್ಣದೊಂದು ನಡುಕ ಗೊತ್ತಾಗುತ್ತದೆ. ಮೇಷ್ಟ್ರು ಅದಕ್ಕೆ "ಹಿಡಿಯೋ ಜಾಗ" ಎನ್ನುತ್ತಾರೆ. ಅವರ ಪಾಠವೆಂದರೆ ಒಂದೇ ಪ್ರಶ್ನೆ: "ಹಿಡೀತಾ?" ಕಲಿಯುವವರಿಗೆ ಆ ನಡುಕ ಗೊತ್ತಾದಾಗ "ಹಿಡೀತು" ಅನ್ನಬೇಕು. ಆಮೇಲಷ್ಟೇ ಬ್ರೇಕಿನಿಂದ ಕಾಲು ತೆಗೆಯಬೇಕು. ಗಂಡಸರಾಗಲಿ ಹೆಂಗಸರಾಗಲಿ ಅವರಿಗೆ ಕಲಿಯುವವರೆಲ್ಲ "ಸ್ವಾಮಿ"ಗಳೇ. "ಕ್ಲಚ್ ಬಿಡೋದು ಅಂದ್ರೆ ಕಾಲು ಕಿತ್ಕೊಳ್ಳೋದಲ್ಲ ಸ್ವಾಮಿ. ಮಲಗಿರೋ ಮಗು ತಲೆ ಕೆಳಗಿಂದ ಕೈ ತಗೀತೀರಲ್ಲ, ಹಂಗೆ" ಎನ್ನುತ್ತಿದ್ದರು. ಮಕ್ಕಳಿಲ್ಲದ ಹುಡುಗರು ಸಿಕ್ಕರೆ ಏನು ಹೇಳುತ್ತಿದ್ದರೋ ನಾನು ಕೇಳಿಲ್ಲ.

ನಾನು ಅವರಲ್ಲಿ ಕಲಿಯಲು ಕೂತಾಗ ನನಗೆ ಮೂವತ್ತೆಂಟು. ಡ್ರೈವಿಂಗ್ ಸ್ಕೂಲಿನ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷ ಹಿಂದಿನ ಸೀಟಿನಲ್ಲೇ ಕೂತಿದ್ದವಳು. ಮುಂದೆ ಸ್ಕೂಲನ್ನು ನನಗೆ ವಹಿಸಬೇಕೆಂದು ಮಾವನವರ ಮನಸ್ಸಿನಲ್ಲಿತ್ತು. "ಕಲಿಸೋ ಜಾಗದಲ್ಲಿ ಕೂರೋಳಿಗೆ ಓಡಿಸೋಕೆ ಬರಬೇಕಮ್ಮ. ಇಲ್ಲಾಂದ್ರೆ ಜನ ನಗ್ತಾರೆ" ಎಂದರು. ಸರಿಯಾದ ಮಾತು ತಾನೇ? ಸೇರಿಕೊಂಡೆ.

ನಾನು ಓದಿದ ಶಾಲೆಯಲ್ಲಿ ಪಾಠ ಮುಗಿದ ಕೂಡಲೇ ಮಿಸ್ಸು ಅರ್ಥವಾಯಿತೇ ಎಂದು ಕೇಳುತ್ತಿದ್ದರು. ನಾವು ನಲವತ್ತೆರಡು ಮಕ್ಕಳು ಒಂದೇ ರಾಗದಲ್ಲಿ "ಯೆಸ್ ಮಿಸ್" ಎನ್ನುತ್ತಿದ್ದೆವು. ಅದು ಉತ್ತರವಲ್ಲ, ಪೀರಿಯಡ್ ಮುಗಿದ ಸದ್ದು. ಅರ್ಥವಾಗದ್ದನ್ನು ಮನೆಗೆ ತಂದು ಉರು ಹೊಡೆದರೆ ಪರೀಕ್ಷೆಗೆ ಸಾಕಾಗುತ್ತಿತ್ತು. ಹೀಗಾಗಿ ಮೇಷ್ಟ್ರು ಮೊದಲ ದಿನ "ಹಿಡೀತಾ?" ಎಂದಾಗ ನಾನು ತಡಮಾಡದೆ "ಹಿಡೀತು" ಎಂದೆ. ತೊಡೆಯಲ್ಲಿ ಏನೂ ಗೊತ್ತಾಗಿರಲಿಲ್ಲ. ಆದರೆ ಗಾಡಿ ಹೊರಟಿತು! ಎರಡನೆಯ ದಿನ, ಹತ್ತನೆಯ ದಿನ, ಇಪ್ಪತ್ತೊಂದನೆಯ ದಿನ: "ಹಿಡೀತಾ?" "ಹಿಡೀತು." ಇಪ್ಪತ್ತೊಂದು ದಿನದಲ್ಲಿ ಒಂದೇ ಒಂದು ಸಲವೂ ಇಂಜಿನ್ ಆಫ್ ಆಗಲಿಲ್ಲ. ಇಲ್ಲಿ ಕೂತಿರುವವರೆಲ್ಲ ಕಲಿಸುವವರು, ನಿಮಗೆ ಈಗಾಗಲೇ ಅನುಮಾನ ಬಂದಿರಬೇಕು. ನನಗೆ ಬರಲಿಲ್ಲ. ನನಗೆ ನನ್ನ ಮೇಲೆ ಗೌರವ ಬಂತು.

ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ. ಆಟೊಮ್ಯಾಟಿಕ್.

ಇದರಲ್ಲಿ ಇಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಒಂದು ಡಬ್ಬಿ. ಅದರೊಳಗೆ ಎರಡು ಫ್ಯಾನುಗಳು ಎದುರುಬದುರಾಗಿ ಕೂತಿವೆ ಎಂದುಕೊಳ್ಳಿ. ಒಂದು ತಿರುಗಿ ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಹೊರಡುವಾಗ ಒಂದನ್ನೊಂದು ಮುಟ್ಟುವುದೇ ಇಲ್ಲ, ಆದ್ದರಿಂದ ಜಗ್ಗುವುದಿಲ್ಲ, ನಡುಗುವುದಿಲ್ಲ. ಸುಖ. ಬೆಲೆ ಹೆಚ್ಚು, ತೂಕ ಹೆಚ್ಚು, ಕೆಟ್ಟರೆ ಬೀದಿ ಬದಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ಮತ್ತೆ ಮುಚ್ಚುತ್ತಾನೆ. ನಮ್ಮ ಮನೆಯವರು ಓಡಿಸುವುದು ಇದನ್ನೇ. ಮೂರನೆಯ ಸಾಲಿನಲ್ಲಿದ್ದಾರೆ, ಫೋನ್ ನೋಡುತ್ತಿರುವವರು. ಅವರ ಸ್ವಭಾವವೂ ಇದೇ ಬಗೆಯದು. ಹತ್ತೊಂಬತ್ತು ವರ್ಷವಾಯಿತು, ಅವರಲ್ಲಿ ಯಾವಾಗ ಗೇರು ಬದಲಾಯಿತೆಂದು ನನಗೆ ಒಮ್ಮೆಯೂ ಗೊತ್ತಾಗಿಲ್ಲ. ಮಾವನವರದು ಹಾಗಲ್ಲ. ಅವರದು ಅಪ್ಪಟ ಕ್ಲಚ್ ಗಾಡಿ. ಸಿಟ್ಟು ಬರುವ ಎರಡು ನಿಮಿಷ ಮುಂಚೆಯೇ ಇಡೀ ಮನೆಗೆ ಸದ್ದು ಕೇಳಿಸುತ್ತದೆ. ನಗುತ್ತಿದ್ದಾರೆ, ಸದ್ಯ.

ಇನ್ನು ಎಎಂಟಿ. ನಾಲ್ಕು ತಿಂಗಳ ಹಿಂದೆ ನಾವು ಎರಡು ಎಎಂಟಿ ಗಾಡಿ ತಂದೆವು. ಕರಪತ್ರ ಮಾಡಿಸಬೇಕಿತ್ತು. ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್ ಎಂಬುದನ್ನು ನಾನೇ ನಿಘಂಟು ತೆಗೆದು ಒಂದೊಂದೇ ಪದ ಹುಡುಕಿ ಕನ್ನಡ ಮಾಡಿದೆ: "ಸ್ವಯಂಚಾಲಿತ ಕೈಪಿಡಿ ಪ್ರಸರಣ." ಸಾವಿರ ಪ್ರತಿ ಹಂಚಿಯೂ ಆಯಿತು. ಒಬ್ಬರು ಫೋನ್ ಮಾಡಿ ಪ್ರಸರಣ ಎಷ್ಟು ಗಂಟೆಗೆ ಎಂದು ಕೇಳಿದರು. ಮೇಷ್ಟ್ರು ಕಾಗದವನ್ನು ಮಾರುದೂರ ಹಿಡಿದು ಓದಿ, "ಕೈಪಿಡಿ ಅಂದ್ರೆ ಪುಸ್ತಕ ಅಲ್ವಾ ಮೇಡಂ? ಗಾಡಿ ತಾನೇ ಓದ್ಕೊಂಡು ಓಡುತ್ತಾ?" ಎಂದರು. ಅದರಲ್ಲಿ ಕುಹಕವಿರಲಿಲ್ಲ, ನಿಜವಾಗಿ ಕೇಳಿದರು. ಆದರೂ ನನಗೆ ಆ ದಿನವೆಲ್ಲ ಅವರ ಮುಖ ನೋಡಲಾಗಲಿಲ್ಲ.

ಎಎಂಟಿ ಏನೆಂದು ಮಾವನವರಿಗೆ ವಿವರಿಸಿದ್ದನ್ನೇ ನಿಮಗೂ ಹೇಳುತ್ತೇನೆ.

"ಇದರಲ್ಲಿ ಕ್ಲಚ್ ಇದ್ಯೋ ಇಲ್ವೋ, ಒಂದೇ ಮಾತಲ್ಲಿ ಹೇಳು."

"ಇದೆ ಮಾವ. ಪೆಡಲ್ ಇಲ್ಲ."

"ಪೆಡಲ್ ಇಲ್ಲ ಅಂದ್ಮೇಲೆ ಒತ್ತೋರು ಯಾರು?"

"ಒಳಗೊಂದು ಪುಟ್ಟ ಕಂಪ್ಯೂಟರ್ ಇದೆ, ಅದು ಹೇಳುತ್ತೆ. ಒಂದು ಮೋಟರ್ ಇದೆ, ಅದು ಒತ್ತುತ್ತೆ. ಗೇರನ್ನೂ ಅದೇ ಹಾಕುತ್ತೆ."

"ಅಂದ್ರೆ ಗಾಡಿ ಅದೇ, ಗೇರು ಅದೇ. ಎಡಗಾಲು ಎಡಗೈ ಮಾತ್ರ ಬೇರೆಯವರದು."

ಇದಕ್ಕಿಂತ ಚೆನ್ನಾಗಿ ಯಾವ ಕಂಪನಿಯವರೂ ಹೇಳಿಲ್ಲ. ಹೊರಗಿನಿಂದ ನೋಡಿದರೆ ಆಟೊಮ್ಯಾಟಿಕ್, ಒಳಗೆ ಹಳೆಯ ಕ್ಲಚ್ ಗಾಡಿಯೇ. ಆದ್ದರಿಂದ ಬೆಲೆ ಕಡಿಮೆ, ಮೈಲೇಜು ಕ್ಲಚ್ ಗಾಡಿಯಷ್ಟೇ. ಆದರೆ ಗೇರು ಬದಲಾಗುವಾಗ ಗಾಡಿ ಅರೆಕ್ಷಣ ಉಸಿರು ಕಟ್ಟುತ್ತದೆ, ಒಳಗೆ ಕೂತವರೆಲ್ಲ ಒಪ್ಪಿಗೆ ಕೊಟ್ಟವರಂತೆ ಒಟ್ಟಿಗೆ ತಲೆಯಾಡಿಸುತ್ತಾರೆ. ಆ ಹೊತ್ತಿಗೆ ಆಕ್ಸಿಲರೇಟರ್ ಕೊಂಚ ಸಡಿಲಿಸಿದರೆ ತಲೆಯಾಡುವುದು ಕಡಿಮೆಯಾಗುತ್ತದೆ. ಇದನ್ನು ಕಲಿಯುವವರಿಗೆ ಹೇಳಿಕೊಡಬೇಕು. ಇನ್ನೊಂದು: ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಕೊಂಡೇ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ ಸುಡುತ್ತದೆ. ವಾಸನೆ ಬಂದಾಗ ಜನ ಬಂದು ಜಗಳವಾಡುತ್ತಾರೆ, "ಕ್ಲಚ್ಚೇ ಇಲ್ಲ ಅಂದ್ರಿ, ಈಗ ಸುಟ್ಟಿದ್ದೇನು?" ಎಂದು. ಕಾಣದೆ ಇರುವುದು ಇಲ್ಲವೆಂದೇ ಲೆಕ್ಕ, ಅಲ್ಲವೇ?

ನಿಜ ಹೇಳಬೇಕೆಂದರೆ ಎಎಂಟಿ ಮಾರುಕಟ್ಟೆಗೆ ಹೊಸದಿರಬಹುದು, ನಮ್ಮ ವೃತ್ತಿಗೆ ಹೊಸದಲ್ಲ. ನಮ್ಮೆಲ್ಲರ ಕಲಿಕೆಯ ಗಾಡಿಗಳಲ್ಲೂ ಮೇಷ್ಟ್ರು ಕೂರುವ ಕಡೆಗೆ ಇನ್ನೊಂದು ಜೊತೆ ಪೆಡಲ್ ಇರುತ್ತದಲ್ಲ? ಒಂದು ಕ್ಲಚ್, ಒಂದು ಬ್ರೇಕ್. ಕಲಿಯುವವರು ತಪ್ಪಿದಾಗ ಉಳಿಸಿಕೊಳ್ಳಲಿ ಎಂದು. ಐದು ವರ್ಷದ ಹಿಂದೆ ಇಪ್ಪತ್ತೊಂದು ದಿನ ನಾನು ಓಡಿಸಿದ್ದು ಎಎಂಟಿಯನ್ನೇ. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದಿದೆ, ಮುಗಿಸಿಬಿಡುತ್ತೇನೆ.

ಲೈಸೆನ್ಸ್ ಟೆಸ್ಟಿನ ದಿನ ಹಿಂದಿನ ಸೀಟಿನಲ್ಲಿ ಕೂತಿದ್ದವರು ಈಗ ವೇದಿಕೆಯ ಮೇಲಿರುವ ಮುಖ್ಯ ಅತಿಥಿಗಳು. ಅವರಿಗೆ ನೆನಪಿರಲಾರದು. ದಿನಕ್ಕೆ ಅರವತ್ತು ಜನರನ್ನು ನೋಡುತ್ತಿದ್ದರು. ಮೈದಾನದ ಕೊನೆಯ ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಿ ಎಂದರು. ಪಕ್ಕದಲ್ಲಿ ಮೇಷ್ಟ್ರು ಮೆಲ್ಲಗೆ "ಹಿಡೀತಾ?" ಎಂದರು. ನಾನು "ಹಿಡೀತು" ಎಂದೆ. ಗಾಡಿ ಬೆಣ್ಣೆಯಂತೆ ಹೊರಟಿತು. "ಬಹಳ ಚೆನ್ನಾಗಿದೆ. ಯಾರಮ್ಮ ನಿಮಗೆ ಕಲಿಸಿದ್ದು?" ಎಂದು ತಾವು ಕೇಳಿದಿರಿ ಸಾರ್. ಹೊಗಳಿಕೆ ಯಾರ ಕಾಲಿಗೆ ಸಲ್ಲಬೇಕಿತ್ತೋ ಅವರೇ ಪಕ್ಕದಲ್ಲಿದ್ದರು. ನಿವೃತ್ತರಾದವರಿಗೆ ಲೈಸೆನ್ಸ್ ರದ್ದು ಮಾಡುವ ಅಧಿಕಾರ ಇರಲಾರದು ಎಂಬ ಧೈರ್ಯದ ಮೇಲೆ ಇದನ್ನು ಹೇಳುತ್ತಿದ್ದೇನೆ.

ಅದಾಗಿ ಒಂದು ವಾರಕ್ಕೆ ಮಾವನವರನ್ನು ಕೂರಿಸಿಕೊಂಡು ಮನೆಯ ಗಾಡಿ ತೆಗೆದೆ. ಅದರಲ್ಲಿ ಪೆಡಲ್ ನನ್ನ ಕಡೆ ಮಾತ್ರ. ಗೇಟು ದಾಟುವಾಗಲೇ ಎರಡು ಸಲ ಆಫ್ ಆಯಿತು. "ಮನೆ ಗಾಡಿ, ಹೊಸ ಕಾಲು" ಎಂದು ಮಾವನವರೇ ಸಮಾಧಾನ ಹೇಳಿದರು. ಹಾಗೂ ಹೀಗೂ ಮೇಲ್ಸೇತುವೆ ಹತ್ತಿದೆವು, ಅರ್ಧದಲ್ಲಿ ವಾಹನಗಳು ನಿಂತವು. ಆಮೇಲೆ ಎಲ್ಲರೂ ಹೊರಟರು, ನಾನು ಹೊರಡಲಿಲ್ಲ. ಕಾಲೆತ್ತಿದೆ, ಆಫ್. ಮತ್ತೆ ಎತ್ತಿದೆ, ಆಫ್. ಹಿಡಿಯುವ ಜಾಗ ಎಲ್ಲಿದೆಯೆಂದು ನನ್ನ ಕಾಲಿಗೆ ಯಾರೂ ತೋರಿಸಿರಲಿಲ್ಲ, ಅಥವಾ ತೋರಿಸಿದಾಗ ಆಗಲೇ ಕಂಡಿದ್ದೇನೆ ಎಂದು ನಾನೇ ಹೇಳಿದ್ದೆ. ಏಳನೆಯ ಸಲ ಗಾಡಿ ಹಿಂದಕ್ಕೆ ಜಾರಿ ಹಾಲಿನ ವ್ಯಾನಿಗೆ ತಾಗಿತು. ವ್ಯಾನಿನವರು ಇಳಿದು ಬಂದು, "ಯಾವ ಸ್ಕೂಲಲ್ಲಿ ಕಲಿತ್ರಿ ಮೇಡಂ?" ಎಂದರು. ಆಮೇಲೆ ನಮ್ಮ ಹಿಂದಿನ ಗಾಜನ್ನು ನೋಡಿ, "ಓ, ಇಲ್ಲೇ ಬರ್ದಿದೆಯಲ್ಲ" ಎಂದರು. ಫೋನ್ ನಂಬರಿನ ಸಮೇತ ಬರೆದಿತ್ತು.

"ಇಳಿಯಮ್ಮ, ಈ ಕಡೆ ಬಾ" ಎಂದರು ಮಾವ. ಅಷ್ಟೂ ಹಾರನ್‌ಗಳ ನಡುವೆ ಗಾಡಿಯ ಮೂತಿಯನ್ನು ಸುತ್ತಿಕೊಂಡು ಎಡಗಡೆಯ ಸೀಟಿಗೆ ಬಂದು ಕೂತೆ. ಮನೆಯಲ್ಲಿ "ಹೆದರ್ಕೊಂಡ್ಲು, ಅಷ್ಟೆ" ಎಂದು ಮುಗಿಸಿದರು. ಮಾವ, ಅದು ಹೆದರಿಕೆಯಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೇಷ್ಟ್ರನ್ನು ಕೇಳಿದೆ.

"ಟೆಸ್ಟ್ ದಿನ ಕ್ಲಚ್ ಒತ್ತಿದ್ದು ನೀವಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ? ಯಾವಾಗಿಂದ?"

"ಮೊದಲನೇ ದಿನದಿಂದ."

"ಒಂದು ಮಾತು ಹೇಳಬಾರದಿತ್ತಾ ಮೇಷ್ಟ್ರೇ?"

"ಕೇಳ್ತಾನೇ ಇದ್ದೆನಲ್ಲ ಸ್ವಾಮಿ, ಹಿಡೀತಾ ಹಿಡೀತಾ ಅಂತ. ನೀವು ಹಿಡೀತು ಅಂತಿದ್ರಿ. ಯಜಮಾನರ ಸೊಸೆ ಹಿಡೀತು ಅಂದ್ಮೇಲೆ ಇಲ್ಲ ಅನ್ನೋಕೆ ನಾನ್ಯಾರು?"

ಅವರು ಇನ್ನೊಂದು ಸಲ ಮೊದಲಿನಿಂದ ಕಲಿಸುತ್ತೇನೆ ಎಂದರು. ನಾನು ನೋಡೋಣ ಎಂದೆ. ಅಂದಿನಿಂದ ನಾನು ಕ್ಲಚ್ ಗಾಡಿ ಮುಟ್ಟಿಲ್ಲ. ಎರಡು ವರ್ಷ ಕಳೆದು ಆ ಸ್ಕೂಲಿನ ವ್ಯವಸ್ಥಾಪಕಿಯಾದೆ.

ಮೂರು ವರ್ಷ ದಿನಾ ಬೆಳಿಗ್ಗೆ ಮೇಷ್ಟ್ರು ನನ್ನ ಮೇಜಿನಿಂದ ಬೀಗದ ಕೈ ತೆಗೆದುಕೊಂಡು ಹೋಗಿ, ಸಂಜೆ ತಂದಿಟ್ಟಿದ್ದಾರೆ. ಒಂದು ಮಾತು ಆಡಿಲ್ಲ. ಬೇರೆ ಮೇಷ್ಟ್ರುಗಳ ಹತ್ತಿರ ಹೇಳಿ ನಕ್ಕಿದ್ದರೆ ನನಗೆ ಸಿಟ್ಟು ಮಾಡಲು ಒಂದು ಕಾರಣವಾದರೂ ಸಿಗುತ್ತಿತ್ತು. ನಗಲಿಲ್ಲ. ನನ್ನ ಗುಟ್ಟು ಕಾಪಾಡಿದವರ ಮುಖ ಕಂಡರೆ ನನಗೇಕೆ ಆಗದೆ ಹೋಯಿತು? ಈ ಪ್ರಶ್ನೆಯನ್ನು ಬಹಳ ದಿನ ಕೇಳಿಕೊಂಡಿದ್ದೇನೆ. ಅವರು ಹತ್ತಿರ ಇರುವಷ್ಟು ದಿನ ನಾನು ಆ ಮೇಲ್ಸೇತುವೆಯ ಅರ್ಧದಲ್ಲೇ ನಿಂತಿದ್ದೆ. ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆದಿಲ್ಲ.

ಎಎಂಟಿ ತಂದಾಗ ನಾನು ಎಲ್ಲರಿಗೂ ಹೇಳಿದ್ದೇನು? ಮೇಷ್ಟ್ರು ಹಳೆಯ ಕಾಲದವರು, ಇದಕ್ಕೆ ಒಗ್ಗಲಾರರು ಎಂದು. ನಡೆದದ್ದು ಹೀಗೆ. ಅವರು ಹೊಸ ಗಾಡಿಯನ್ನು ತೆಗೆದುಕೊಂಡು ಮುಕ್ಕಾಲು ಗಂಟೆ ಸುತ್ತಾಡಿಸಿಕೊಂಡು ಬಂದರು. "ಚೆನ್ನಾಗಿದೆ ಮೇಡಂ. ಗೇರು ಕಲಿಸೋದು ಒಂದು ವಾರದ ಕೆಲಸ, ಅದು ಉಳೀತು. ರಸ್ತೆ ಕಲಿಸೋಕೆ ಇನ್ನೂ ಟೈಮ್ ಸಿಕ್ತು" ಎಂದರು. ಅವರ ಎಡಗಾಲಿಗೆ ಇನ್ನು ಕೆಲಸವಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಅವರು ಅದನ್ನು ಬಿಡುವು ಎಂದುಕೊಂಡರು. ಎರಡು ವಾರ ಕಾದು, ನಾನೇ ಕರೆದು ಹೇಳಿದೆ: "ಮೇಷ್ಟ್ರೇ, ಮಂಡಿ ನೋಯುತ್ತೆ ಅಂತಿದ್ರಲ್ಲ, ಇನ್ನು ವಿಶ್ರಾಂತಿ ತಗೊಳ್ಳಿ." ಅವರು ತಮ್ಮ ಮಂಡಿಯನ್ನು ಒಮ್ಮೆ ನೋಡಿಕೊಂಡರು. ಯಾವಾಗ ಅಂದಿದ್ದೆ ಎಂದು ಯೋಚಿಸುತ್ತಿದ್ದರೇನೋ. "ಆಗ್ಲಿ ಮೇಡಂ" ಎಂದರು. ನಮ್ಮ ಆಫೀಸು ಮೂರನೆಯ ಮಹಡಿಯಲ್ಲಿದೆ, ಲಿಫ್ಟಿಲ್ಲ. ಆ ಮೆಟ್ಟಿಲನ್ನು ಅವರು ದಿನಕ್ಕೆ ನಾಲ್ಕು ಸಲ ಹತ್ತುತ್ತಾರೆ. ಏದುಸಿರು ಬಿಡುವವಳು ನಾನು.

ಈ ಸಭೆ ಶುರುವಾಗುವ ಮುಂಚೆ ಪಕ್ಕದ ಕೋಣೆಯಲ್ಲಿ ಟೀ ಕುಡಿಯುವಾಗ ಅಧ್ಯಕ್ಷರು ನನ್ನ ಬಳಿ ಬಂದು, "ನಿಮ್ಮ ಮೇಷ್ಟ್ರು ಸೋಮವಾರದಿಂದ ನಮ್ಮ ಸ್ಕೂಲಲ್ಲಿ. ಬೇಜಾರಿಲ್ಲ ತಾನೇ? ಮಂಡಿ ಬಗ್ಗೆ ಕೇಳಿದೆ, ಯಾವ ಮಂಡಿ ಅಂದ್ರು" ಎಂದರು. ಹಾಗಿದ್ದೂ ನಾನು ಈ ಮೈಕಿನ ಮುಂದೆ ಬಂದು, ನಿಮ್ಮೆಲ್ಲರ ಎದುರಿಗೆ ಮಂಡಿನೋವು ಎಂದು ಓದಿದೆ. ಅಧ್ಯಕ್ಷರು ನೆಲ ನೋಡುತ್ತಿದ್ದರು. ಮೇಷ್ಟ್ರು ಮಾತ್ರ ತಲೆಯಾಡಿಸಿದರು. ಮತ್ತೆ ನನ್ನ ಪರವಾಗಿ ಕ್ಲಚ್ ಒತ್ತುತ್ತಿದ್ದರು.

ಆದ್ದರಿಂದ ಕಾರ್ಯಕ್ರಮದಲ್ಲಿ ಒಂದು ಬದಲಾವಣೆ. ಈ ಬಿನ್ನವತ್ತಳೆಯನ್ನು ನಾನು ಕೊಡುವುದಿಲ್ಲ. ಇದರಲ್ಲಿ ಮೂವತ್ತೊಂದು ವರ್ಷ ಎಂಬುದು ನಿಜ, ಸಾವಿರಾರು ಶಿಷ್ಯರು ಎಂಬುದು ನಿಜ, ಚೌಕಟ್ಟು ತೇಗದ್ದೇ. ಕಾರಣ ಮಾತ್ರ ಸುಳ್ಳು. ಅವರ ಮಂಡಿ ಚೆನ್ನಾಗಿದೆ. ಅವರು ಸ್ವಇಚ್ಛೆಯಿಂದ ಹೋಗುತ್ತಿಲ್ಲ. ನಾನು ಸ್ವೇಚ್ಛೆಯಿಂದ ಕಳಿಸಿದೆ. ಮೇಷ್ಟ್ರೇ, ನನ್ನದು ತಪ್ಪಾಯಿತು.

ವಾಪಸ್ ಬನ್ನಿ ಎಂದು ಈಗ ಕರೆಯಬೇಕು ಎಂದು ನೀವೆಲ್ಲ ಕಾಯುತ್ತಿದ್ದೀರಿ, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ. ಕರೆಯುವುದಿಲ್ಲ. ಕರೆದರೆ ಅವರು "ಆಗ್ಲಿ ಮೇಡಂ" ಎನ್ನುತ್ತಾರೆ. ಯಜಮಾನರ ಸೊಸೆಗೆ ಇಲ್ಲ ಎಂದು ಹೇಳುವ ಅಭ್ಯಾಸ ಅವರಿಗಿಲ್ಲ, ಕೇಳುವ ಅಭ್ಯಾಸ ನನಗಿಲ್ಲ. ಅವರು ಒಪ್ಪಿಕೊಂಡಿರುವ ಜಾಗಕ್ಕೆ ಹೋಗಲಿ. ಅಧ್ಯಕ್ಷರೇ, ತಮಗೆ ಒಳ್ಳೆಯ ಮೇಷ್ಟ್ರು ಸಿಕ್ಕಿದ್ದಾರೆ.

ಸದಸ್ಯರಿಗೆ ನಾನು ಹೇಳಬೇಕಾದದ್ದು ಬಾಕಿಯಿದೆ. ಎಎಂಟಿ ಕೊಳ್ಳಿ. ಊರೊಳಗೆ ಓಡಾಡುವವರಿಗೆ, ಆಟೊಮ್ಯಾಟಿಕ್ಕಿನ ಬೆಲೆ ಭಾರವೆನಿಸುವವರಿಗೆ, ಎಡಗಾಲು ಸೋತವರಿಗೆ ಅದು ಒಳ್ಳೆಯ ಗಾಡಿ. ಇದು ಕ್ಲಚ್ಚಿನ ಮೇಲಿನ ನನ್ನ ಸಿಟ್ಟು ಹೇಳಿಸಿದ ಮಾತಲ್ಲ ಎಂದು ಎರಡೆರಡು ಸಲ ಪರೀಕ್ಷಿಸಿಕೊಂಡೇ ಹೇಳುತ್ತಿದ್ದೇನೆ. ಆದರೆ ಒಂದು ಕ್ಲಚ್ ಗಾಡಿಯನ್ನು ಮಾರದೆ ಇಟ್ಟುಕೊಳ್ಳಿ. ನಮ್ಮಲ್ಲಿದ್ದ ಎರಡನ್ನೂ ನಾನು ಮಾರಿಬಿಟ್ಟೆ.

ಕೊನೆಯದಾಗಿ, ಇವತ್ತು ನಿಮ್ಮೆಲ್ಲರ ಕುರ್ಚಿಯ ಮೇಲೂ ಅಧ್ಯಕ್ಷರ ಸ್ಕೂಲಿಗೆ ಕಲಿಯಲು ಸೇರುವ ಒಂದೊಂದು ಅರ್ಜಿ ಇಟ್ಟಿದ್ದಾರೆ. ಸಂಘದ ಸಭೆಯಲ್ಲಿ ಇದು ಸರಿಯೇ ಎಂದು ಆಮೇಲೆ ಚರ್ಚೆ ಮಾಡೋಣ. ನನ್ನ ಕುರ್ಚಿಯ ಮೇಲೂ ಇತ್ತು, ತಂದಿದ್ದೇನೆ. ಒಂದು ನಿಮಿಷ ಕೊಡಿ, ಇಲ್ಲೇ ತುಂಬಿ ಕೊಡುತ್ತೇನೆ.

ವಯಸ್ಸು, ನಲವತ್ತಮೂರು. ಉದ್ಯೋಗ, ಡ್ರೈವಿಂಗ್ ಸ್ಕೂಲ್ ವ್ಯವಸ್ಥಾಪಕಿ. ನಗಬೇಡಿ, ಬರೆಯುತ್ತಿದ್ದೇನೆ. ಕಲಿಯಬೇಕಾದ ವಾಹನ, ಕ್ಲಚ್ ಗಾಡಿ. ಬೆಳಗಿನ ಆರೂವರೆಯ ತಂಡ. ಇಂಥ ಮೇಷ್ಟ್ರೇ ಬೇಕೆಂದಿದ್ದರೆ ತಿಳಿಸಿ ಎಂದಿದೆ, ತಿಳಿಸಿದ್ದೇನೆ. ಅವರು ಒಲ್ಲೆ ಎನ್ನಬಹುದು. ಅದಕ್ಕೂ ಇಲ್ಲಿ ಒಂದು ಚೌಕವಿದೆ, ಖಾಲಿ ಬಿಟ್ಟಿದ್ದೇನೆ, ಅದನ್ನು ಅವರೇ ತುಂಬಲಿ.

ಕೊನೆಯ ಸಾಲು. "ವಾಹನ ಚಾಲನೆ ಈಗಾಗಲೇ ಬರುತ್ತದೆಯೇ? ಹೌದು, ಇಲ್ಲ."

ಇಲ್ಲ.

ಇಷ್ಟು ಹೊತ್ತು ಸಹಿಸಿಕೊಂಡು ಕೇಳಿದ ತಮಗೆಲ್ಲರಿಗೂ, ಮೈಕು ಕಿತ್ತುಕೊಳ್ಳದ ಸಮಿತಿಯವರಿಗೂ, ಒಮ್ಮೆಯೂ ತಡೆಯದ ಮಾವನವರಿಗೂ ನಾನು ಋಣಿ. ನಮಸ್ಕಾರ.